ಶರತ್ತು ಇಲ್ಲದ ಪ್ರಾರ್ಥನೆ



ನೀವು ಸಾಗರದ ಕಡೆಯಿಂದ ಬಂದಿರಬಹುದು, ಹೊಸನಗರದ ಒಳಹಳ್ಳಿಯಿಂದ ಬಂದಿರಬಹುದು, ತೀರ್ಥಹಳ್ಳಿಯ ತುಂಗಾ ತೀರದವರಿರಬಹುದು. ಯಾವ ಊರಿನವರೇ ಆಗಲಿ, ಆಸ್ಪತ್ರೆಯ ಬಾಗಿಲು ದಾಟುವಾಗ ಮನಸ್ಸಿನಲ್ಲಿ ಒಂದು ಪ್ರಾರ್ಥನೆಯನ್ನು ಹೊತ್ತೇ ಬಂದಿರುತ್ತೀರಿ. ಆ ಪ್ರಾರ್ಥನೆಯ ಬಾಲಕ್ಕೆ ಸಾಮಾನ್ಯವಾಗಿ ಒಂದು ಶರತ್ತೂ ಅಂಟಿಕೊಂಡಿರುತ್ತದೆ. ದೇವರೇ, ಶುಕ್ರವಾರದೊಳಗೆ ಮನೆಗೆ ಕಳುಹಿಸು. ರಿಪೋರ್ಟಿನಲ್ಲಿ ಏನೂ ಇರದಂತೆ ಮಾಡು. ಆಪರೇಷನ್ ಮಾತ್ರ ಬೇಡ, ಮಾತ್ರೆಯಲ್ಲೇ ವಾಸಿಯಾಗಲಿ. ಹೀಗೆ ಬೇಡುವುದು ತಪ್ಪೇ? ಖಂಡಿತ ಅಲ್ಲ. ನೋವಾದಾಗ ಮಗು ತಾಯಿಯನ್ನು ಕರೆಯುವುದು ತಪ್ಪಾಗುವುದಾದರೂ ಹೇಗೆ? ಆದರೆ ಬೇಡಿಕೆ ನಿಧಾನವಾಗಿ ಒಪ್ಪಂದವಾಗಿಬಿಡುತ್ತದೆ. ಇಷ್ಟು ಕಾಯಿ ಒಡೆಸುತ್ತೇನೆ, ಇಷ್ಟು ಜನಕ್ಕೆ ಊಟ ಹಾಕಿಸುತ್ತೇನೆ, ನೀನು ಇಂಥದ್ದನ್ನು ಮಾಡಿಕೊಡು ಎಂದು ನಾವು ದೇವರ ಮುಂದೆ ಪಟ್ಟಿ ಹಿಡಿದು ನಿಲ್ಲುತ್ತೇವೆ. ಪಟ್ಟಿಯಲ್ಲಿದ್ದಂತೆ ನಡೆಯದಿದ್ದಾಗ ಆಗುವ ಸಂಕಟ ರೋಗದ ಸಂಕಟಕ್ಕಿಂತ ದೊಡ್ಡದು. ದೇವರು ಕೈಬಿಟ್ಟ ಎನ್ನಿಸುತ್ತದೆ. ಇಲ್ಲವೇ, ನಾನೇ ಏನೋ ತಪ್ಪು ಮಾಡಿರಬೇಕು, ಹರಕೆಯಲ್ಲಿ ಏನೋ ಕೊರತೆಯಾಗಿರಬೇಕು ಎಂದು ಮನಸ್ಸು ತನ್ನನ್ನೇ ತಿವಿಯತೊಡಗುತ್ತದೆ.

ತಾನೊಂದು ಎಣಿಸಿದರೆ ದೈವವೊಂದು ಎಣಿಸುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇದನ್ನು ನಾವು ಹೆಚ್ಚಾಗಿ ಕೆಲಸ ಕೆಟ್ಟ ಮೇಲೆ, ನಿಟ್ಟುಸಿರಿನ ಜೊತೆ ಹೇಳುತ್ತೇವೆ. ಕೆಲಸ ನಡೆಯುತ್ತಿರುವಾಗಲೇ ನೆನೆದರೆ ಅದರಿಂದ ಆಗುವ ಉಪಕಾರ ಬೇರೆಯೇ.

ಅಡಿಕೆ ತೋಟ ಇರುವವರಿಗೆ, ತೋಟದಲ್ಲಿ ದುಡಿಯುವವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲ ಹಿಡಿಯುವ ಮೊದಲು ಮೈಲುತುತ್ತು, ಸುಣ್ಣ ತಂದು ಬೋರ್ಡೋ ದ್ರಾವಣ ಮಾಡುತ್ತೀರಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಳತೆ ತಪ್ಪಬಾರದು, ಬೆರೆಸುವ ಕ್ರಮ ತಪ್ಪಬಾರದು. ಮರ ಹತ್ತುವವರನ್ನು ಹುಡುಕಿ, ಬಿಸಿಲು ಬಿದ್ದ ದಿನ ನೋಡಿ, ಒಂದೊಂದು ಗೊನೆಗೂ ತಾಗುವಂತೆ ಹೊಡೆಸುತ್ತೀರಿ. ನಲವತ್ತು, ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಇಷ್ಟೆಲ್ಲ ಮಾಡಿದ ಮೇಲೆ ಮಳೆ ಎಷ್ಟು ಬೀಳಬೇಕು, ಎಷ್ಟು ದಿನ ಹಿಡಿಯಬೇಕು ಎಂದು ಹೇಳುವ ಅಧಿಕಾರ ನಮಗಿಲ್ಲ. ಆಷಾಢದಲ್ಲಿ ಬಿಡುವಿಲ್ಲದೆ ಸುರಿದರೆ ಎಷ್ಟು ಎಚ್ಚರವಿದ್ದರೂ ಕೊಳೆ ಬರುವುದುಂಟು. ಹಾಗೆಂದು ಯಾವ ರೈತನೂ ‘ದೈವಚಿತ್ತ ಹೇಗಿದೆಯೋ ಹಾಗಾಗಲಿ’ ಎಂದು ಔಷಧಿ ಹೊಡೆಯದೆ ಕೈಕಟ್ಟಿ ಕೂರುವುದಿಲ್ಲ. ಔಷಧಿ ಹೊಡೆದೆ ಎಂಬ ಕಾರಣಕ್ಕೆ ಮಳೆಯ ಮೇಲೆ ಹಕ್ಕು ಸಾಧಿಸುವುದೂ ಇಲ್ಲ. ಮಾಡಬೇಕಾದ್ದನ್ನು ಪೂರ್ತಿಯಾಗಿ ಮಾಡಿ, ಉಳಿದದ್ದಕ್ಕೆ ಆಕಾಶ ನೋಡುತ್ತಾನೆ. ಭಗವಂತನ ಚಿತ್ತವನ್ನು ನಂಬುವುದು ಎಂದರೆ ಇದೇ. ತೋಟದಲ್ಲಿ ಇಷ್ಟು ಚೆನ್ನಾಗಿ ತಿಳಿದಿರುವ ಈ ವಿವೇಕ ಆಸ್ಪತ್ರೆಗೆ ಬಂದ ಕೂಡಲೇ ನಮ್ಮ ಕೈತಪ್ಪುತ್ತದೆ.

ಕೈತಪ್ಪುವುದು ಎರಡು ಬಗೆಯಲ್ಲಿ. ಮೊದಲನೆಯದು, ದೇವರ ಹೆಸರಿನಲ್ಲಿ ಚಿಕಿತ್ಸೆಯನ್ನು ಮುಂದೂಡುವುದು. ಹಾವು ಕಚ್ಚಿದವರನ್ನು ಮಂತ್ರ ಹಾಕಿಸಿಕೊಂಡು ಬರೋಣವೆಂದು ಎರಡು ತಾಸು ಸುತ್ತಿಸಿ ಆಮೇಲೆ ಆಸ್ಪತ್ರೆಗೆ ತರುವವರು ಈಗಲೂ ಇದ್ದಾರೆ. ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಎಷ್ಟು ಬೇಗ ಸಿಕ್ಕಿದರೆ ಅಷ್ಟು ಒಳ್ಳೆಯದು. ಆ ಎರಡು ತಾಸು ಕಳೆದದ್ದು ನಮ್ಮ ಚಿತ್ತದಿಂದ. ಅದನ್ನು ಶಿವನ ಮೇಲೆ ಹೊರಿಸುವುದು ನ್ಯಾಯವಲ್ಲ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ಎದೆಯಲ್ಲಿ ಕೈಗೆ ಸಿಕ್ಕ ಗಂಟು, ನಿಲ್ಲದ ಕೆಮ್ಮು, ಇವುಗಳ ವಿಷಯದಲ್ಲೂ ಹೀಗೆಯೇ. ದೇವರು ನೋಡಿಕೊಳ್ಳುತ್ತಾನೆ ಎನ್ನುವ ಮಾತಿನ ಹಿಂದೆ ಅನೇಕ ಬಾರಿ ಇರುವುದು ಭಕ್ತಿಯಲ್ಲ, ಭಯ. ವೈದ್ಯರು ಏನು ಹೇಳಿಬಿಡುತ್ತಾರೋ ಎಂಬ ಭಯ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಮನುಷ್ಯರ ಕೆಲಸದಿಂದಾದ ಕಷ್ಟಕ್ಕೆ ದೈವಚಿತ್ತ ಎಂದು ಹೆಸರಿಡಬಾರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಮುಳುಗಿದವು. ತುಮರಿ ಕಡೆಯವರು ಹೊಳೆ ದಾಟಲು ಲಾಂಚನ್ನೇ ನಂಬಬೇಕಾಯಿತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರೋಗಿಯನ್ನು ಬಳಸು ದಾರಿಯಲ್ಲಿ ಸುತ್ತಿಸಬೇಕಿತ್ತು, ಇಲ್ಲವೇ ದಡದಲ್ಲಿ ಕಾಯಬೇಕಿತ್ತು. ಎಲ್ಲ ಹಣೆಬರಹ ಎಂದು ಸುಮ್ಮನಾಗುವುದು ಸುಲಭವಿತ್ತು. ಆ ಭಾಗದವರು ಸುಮ್ಮನಾಗಲಿಲ್ಲ. ದಶಕಗಳ ಕಾಲ ಕೇಳುತ್ತಲೇ ಬಂದರು, 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆಯಿತು. ಹಾಗೆ ಕೇಳಿದ್ದು ದೇವರಲ್ಲಿ ನಂಬಿಕೆ ಇಲ್ಲದ್ದರಿಂದ ಅಲ್ಲ. ಶರಣರ ದಾರಿಯಲ್ಲಿ ಕಾಯಕವೂ ನಂಬಿಕೆಯ ಒಂದು ರೂಪ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬ ವೈದ್ಯರಿದ್ದರು ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ವೈದ್ಯ ಸಂಗಣ್ಣ ಎಂದು ಅವರ ಹೆಸರು. ಚಿಕಿತ್ಸೆ ಮಾಡುವುದೇ ಅವರ ಕಾಯಕ. ರೋಗ, ಔಷಧಿಗಳ ಮಾತನ್ನೇ ಬಳಸಿ ಅವರು ವಚನಗಳನ್ನು ಬರೆದರು. ದೇವರನ್ನು ನಂಬುವವನಿಗೆ ಮದ್ದೇಕೆ ಎಂದು ಶರಣರು ಕೇಳಲಿಲ್ಲ. ಮದ್ದು ಕೊಡುವ ಕೈಯನ್ನು ತಮ್ಮ ಸಾಲಿನಲ್ಲಿಯೇ ಕೂರಿಸಿಕೊಂಡರು. ನಿಮ್ಮ ತೋಳಿಗೆ ಸೂಜಿ ಚುಚ್ಚುವ ದಾದಿಯಲ್ಲಿಯೂ, ವಾರ್ಡು ಗುಡಿಸುವ ತಾಯಿಯಲ್ಲಿಯೂ ಶಿವನ ಚಿತ್ತ ಕೆಲಸ ಮಾಡುತ್ತಿದೆ ಎಂದು ನಂಬಲು ಇದಕ್ಕಿಂತ ಬೇರೆ ಆಧಾರ ಬೇಕಾಗಿಲ್ಲ.

ಕೈತಪ್ಪುವ ಎರಡನೆಯ ಬಗೆ ಇದಕ್ಕೆ ಪೂರ್ತಿ ಉಲ್ಟಾ. ಚಿಕಿತ್ಸೆ ಶುರುವಾಗಿದೆ, ದುಡ್ಡು ಕಟ್ಟಿದ್ದೇವೆ, ಇನ್ನು ನಾವು ಎಣಿಸಿದ ದಿನಕ್ಕೆ ಎಣಿಸಿದ ಹಾಗೆಯೇ ಗುಣವಾಗಬೇಕು ಎಂಬ ಹಟ. ನಮ್ಮ ಮಲೆನಾಡಿನವರೇ ಆದ ಒಂದು ಕಾಯಿಲೆಯನ್ನು ತೆಗೆದುಕೊಂಡರೆ ಈ ಹಟ ಎಷ್ಟು ಅಪಾಯದ್ದು ಎಂದು ಗೊತ್ತಾಗುತ್ತದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಎಷ್ಟು ಮನೆಗಳ ನೆಮ್ಮದಿ ಕೆಡಿಸಿತು ಎಂಬುದು ನಿಮ್ಮ ನೆನಪಿನಲ್ಲಿಯೇ ಇದೆ. ಹೊಸನಗರ, ತೀರ್ಥಹಳ್ಳಿಯವರಿಗೂ ಇದು ಹೊಸದಲ್ಲ. ಉಣುಗು ಕಚ್ಚಿ ಬರುವ ಈ ರೋಗದ ವೈರಸ್ಸನ್ನೇ ನೇರವಾಗಿ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ ಕೊಡುತ್ತಾರೆ, ಜ್ವರ ಇಳಿಸುತ್ತಾರೆ, ರಕ್ತಸ್ರಾವವಾಗುತ್ತಿದೆಯೇ ಎಂದು ಗಮನಿಸುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಿರುತ್ತಾರೆ. ಉಳಿದ ಕೆಲಸ ದೇಹವೇ ಮಾಡಬೇಕು. ವೈದ್ಯರೂ ರೋಗಿಯ ಜೊತೆ ಕಾಯುವ ಕಾಯಿಲೆ ಇದು. ಸಮಾಧಾನದ ಸಂಗತಿಯೆಂದರೆ ಹೆಚ್ಚಿನವರು ಗುಣವಾಗುತ್ತಾರೆ. ನೂರು ಮಂದಿಗೆ ಬಂದರೆ ಸಾಮಾನ್ಯವಾಗಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ.

ಈ ಕಾಯಿಲೆಯಲ್ಲಿ ಒಂದು ತಿರುವು ಇದೆ. ಮೊದಲ ಜ್ವರ ಇಳಿಯುತ್ತದೆ. ರೋಗಿ ಎದ್ದು ಕೂರುತ್ತಾರೆ, ಗಂಜಿ ಕುಡಿಯುತ್ತಾರೆ. ಮನೆಗೆ ಹೋಗುವ ಆಸೆ ಆಗ ಎಲ್ಲಕ್ಕಿಂತ ಬಲವಾಗಿರುತ್ತದೆ. ಕೊಟ್ಟಿಗೆಯಲ್ಲಿ ದನ ಕಾಯುತ್ತಿವೆ, ಕೊನೆ ಕೊಯ್ಲು ಅರ್ಧಕ್ಕೆ ನಿಂತಿದೆ. ಆದರೆ ಕೆಲವರಲ್ಲಿ ಒಂದೆರಡು ವಾರ ಕಳೆದ ಮೇಲೆ ಜ್ವರ ಮತ್ತೆ ಬರುತ್ತದೆ, ಜೊತೆಗೆ ಜೋರು ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಗೊಂದಲದ ಮಾತು. ಆದ್ದರಿಂದಲೇ ವೈದ್ಯರು ‘ಇನ್ನೂ ನಾಲ್ಕು ದಿನ ಇರಿ’ ಎನ್ನುತ್ತಾರೆ, ಅಥವಾ ‘ಮನೆಗೆ ಹೋದರೂ ಇಂಥ ಲಕ್ಷಣ ಕಂಡರೆ ಆ ಕ್ಷಣವೇ ಬನ್ನಿ’ ಎನ್ನುತ್ತಾರೆ. ಜಗಳ ಮಾಡಿ ಬಿಡುಗಡೆ ಪಡೆದು ಹೋದವರ ಆಸೆ ಆ ದಿನಕ್ಕೆ ಗೆದ್ದಿತು ಅಷ್ಟೆ. ದಯವಿಟ್ಟು ಈ ಜ್ವರಕ್ಕೆ ಅಂಗಡಿಯಿಂದ ಆಸ್ಪಿರಿನ್‌ನಂಥ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗುಣವಾದ ಮೇಲೂ ನಿಶ್ಶಕ್ತಿ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಅದೂ ಕಾಯಬೇಕಾದ ಕಾಲವೇ.

ಈ ಕಾಯುವಿಕೆಗೆ ನಮ್ಮ ಧರ್ಮದಲ್ಲಿ ಒಂದು ಒಳ್ಳೆಯ ಹೆಸರಿದೆ. ಪ್ರಸಾದ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು, ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿ ಸ್ಥಲ. ಪ್ರಸಾದ ಎಂದರೆ ತಟ್ಟೆಯಲ್ಲಿ ಬರುವ ಅನ್ನ, ಪಾಯಸ ಮಾತ್ರ ಎಂದು ತಿಳಿಯಬಾರದು. ದುಡಿದ ಮೇಲೆ, ಲಿಂಗಕ್ಕೆ ಅರ್ಪಿಸಿದ ಮೇಲೆ, ಕೈಗೆ ಏನು ಬಂತೋ ಅದು ಪ್ರಸಾದ. ಮಠದ ಪಂಕ್ತಿಯಲ್ಲಿ ಕುಳಿತಾಗ ನಾವು ಬಡಿಸುವವರಿಗೆ ಆಜ್ಞೆ ಮಾಡುವುದಿಲ್ಲ. ಇವತ್ತು ಹುಳಿಯೋ ಸಾರೋ, ಬಂದದ್ದನ್ನು ಕಣ್ಣಿಗೊತ್ತಿಕೊಂಡು ಉಣ್ಣುತ್ತೇವೆ. ಹಾಗೆಂದು ಒಲೆ ಹಚ್ಚದೆ ಪ್ರಸಾದ ಬರುವುದಿಲ್ಲ. ಯಾರೋ ಅಕ್ಕಿ ತಂದಿದ್ದಾರೆ, ಯಾರೋ ನೀರು ಹೊತ್ತಿದ್ದಾರೆ. ಮಾಡುವುದು, ಅರ್ಪಿಸುವುದು, ಬಂದದ್ದನ್ನು ಸ್ವೀಕರಿಸುವುದು, ಈ ಮೂರೂ ಕೂಡಿದರೆ ಪ್ರಸಾದ. ನಡುವಿನದನ್ನು, ಅಂದರೆ ಅರ್ಪಿಸುವುದನ್ನು ಬಿಟ್ಟುಬಿಟ್ಟರೆ, ಕೈಗೆ ಬಂದದ್ದೆಲ್ಲ ಲಾಭ ಇಲ್ಲವೇ ನಷ್ಟ ಎಂಬ ಲೆಕ್ಕವಾಗಿ ಉಳಿಯುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿರುತ್ತೀರಿ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವರ ಮನೆ, ಹೆಚ್ಚು ಬಂದರೆ ಸಂತೋಷವಲ್ಲವೇ? ಲಕ್ಕಮ್ಮ ಒಪ್ಪಲಿಲ್ಲ. ಇಂದಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಹಾಕಿ ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಹಣದಾಸೆಯ ಬಗ್ಗೆ ಹೇಳುತ್ತಾರೆ. ಆಸ್ಪತ್ರೆಯಲ್ಲಿ ಇರುವವರು ಬೇರೆ ರೀತಿಯಲ್ಲಿ ಓದಿಕೊಳ್ಳಬಹುದು. ಮುಂದಿನ ತಿಂಗಳಿಗೆ, ಮುಂದಿನ ವರ್ಷಕ್ಕೆ, ಮಗಳ ಮದುವೆಯವರೆಗೆ ಬೇಕಾಗುವ ಧೈರ್ಯವನ್ನೆಲ್ಲ ಇಂದು ರಾತ್ರಿಯೇ ಗುಡ್ಡೆ ಹಾಕಲು ಹೊರಡುತ್ತೇವೆ, ಅದು ಸಿಗುವುದಿಲ್ಲ, ಆಗ ಕಂಗಾಲಾಗುತ್ತೇವೆ. ಇಂದಿನ ರಾತ್ರಿಗೆ ಬೇಕಾದಷ್ಟು ಧೈರ್ಯ ಕೇಳಿ. ನಾಳಿನದು ನಾಳೆ ಆಯ್ದುಕೊಳ್ಳಬಹುದು.

ನಮ್ಮ ನೆಲದ್ದೇ ಇನ್ನೊಂದು ಬದುಕನ್ನು ನೆನೆಯಬಹುದು. ಈ ಮೂರು ತಾಲ್ಲೂಕುಗಳೂ ಒಂದು ಕಾಲಕ್ಕೆ ಕೆಳದಿ ಅರಸರ ಸೀಮೆ. ಕೆಳದಿ, ಇಕ್ಕೇರಿ ಸಾಗರದಲ್ಲಿವೆ, ಬಿದನೂರು ಅಂದರೆ ಇಂದಿನ ನಗರ ಹೊಸನಗರದಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲಿದೆ. ಶಿವಭಕ್ತೆ ಚೆನ್ನಮ್ಮಾಜಿಯ ಪತಿ ಸೋಮಶೇಖರ ನಾಯಕ ತೀರಿಹೋದಾಗ ಆಕೆಗೆ ಮಕ್ಕಳಿರಲಿಲ್ಲ. ಯಾವ ಹೆಣ್ಣುಮಗಳು ತಾನೇ ಇಂಥ ಬದುಕನ್ನು ಬೇಡಿಕೊಂಡಾಳು? ಬಂದದ್ದು ಅದು. ಆಕೆ ಗದ್ದುಗೆಯನ್ನು ಹೊತ್ತಳು, ದತ್ತು ಮಗನನ್ನು ಬೆಳೆಸಿದಳು, 1672ರಿಂದ ಕಾಲು ಶತಮಾನ ರಾಜ್ಯವಾಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ, ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದು ಆಶ್ರಯ ಕೇಳಿದ. ಆಶ್ರಯ ಕೊಟ್ಟರೆ ದೊಡ್ಡ ಸೈನ್ಯ ಮೇಲೆ ಬರುವುದು ಖಚಿತ. ರಾಜ್ಯ ಸುಖವಾಗಿರಲಿ ಎಂಬ ಆಸೆ ಆಕೆಗೂ ಇದ್ದೀತು. ಶರಣಾಗಿ ಬಂದವನನ್ನು ಕಾಯುವುದು ಧರ್ಮ ಎಂದು ಕಾದಳು. ಮೊಗಲರ ಸೈನ್ಯ ಬಂದೇ ಬಂತು. ಕೆಳದಿಯವರು ಎದುರಿಸಿ ನಿಂತರು, ರಾಜಾರಾಮ ಜಿಂಜಿ ಸೇರಿಕೊಂಡ. ಚೆನ್ನಮ್ಮಾಜಿ ಏನು ಬೇಡಿದಳು ಎಂಬುದನ್ನು ಇತಿಹಾಸ ಬರೆದಿಟ್ಟಿಲ್ಲ. ಬಂದದ್ದನ್ನು ಹೇಗೆ ಹೊತ್ತಳು ಎಂಬುದಷ್ಟೇ ನಮಗೆ ಉಳಿದಿದೆ. ಗಂಡನನ್ನು ವಾರ್ಡಿನೊಳಗೆ ಮಲಗಿಸಿ, ಹೊರಗೆ ಬೆಂಚಿನ ಮೇಲೆ ಕುಳಿತು, ನಾಳೆ ಮನೆ ಹೇಗೆ ನಡೆಸಲಿ ಎಂದು ಯೋಚಿಸುತ್ತಿರುವ ತಾಯಿ ಈ ಪತ್ರಿಕೆ ಓದುತ್ತಿದ್ದರೆ, ಆಕೆಗೆ ಚೆನ್ನಮ್ಮಾಜಿ ತೀರ ದೂರದವಳಲ್ಲ.

ಈಗ ಅತ್ಯಂತ ಕಷ್ಟದ ಮಾತು. ಎಲ್ಲ ಮಾಡಿದ ಮೇಲೂ ಗುಣವಾಗದ ರೋಗಗಳಿವೆ. ವೈದ್ಯರು ಮನೆಯವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡುವ ದಿನ ಕೆಲವರಿಗೆ ಬಂದೇ ಬರುತ್ತದೆ. ಆ ದಿನ ನಂಬಿಕೆಯ ಹೆಸರಿನಲ್ಲಿ ನಾವು ಸುಲಭವಾದ ಮಾತಾಡಬಾರದು. ‘ಎಲ್ಲ ಒಳ್ಳೆಯದಕ್ಕೇ’ ಎಂದು ಮಗುವನ್ನು ಕಳೆದುಕೊಳ್ಳುತ್ತಿರುವ ತಂದೆಗೆ ಹೇಳಿದರೆ ಅದು ಕ್ರೌರ್ಯ. ನೋಡಲು ಬರುವ ನೆಂಟರು ದಯವಿಟ್ಟು ಇದನ್ನು ನೆನಪಿಡಬೇಕು. ಅಳುವುದು ಅಪನಂಬಿಕೆಯಲ್ಲ. ಶರಣರೂ ತಾವು ಬಯಸಿದ್ದನ್ನೆಲ್ಲ ಪಡೆಯಲಿಲ್ಲ. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಮರಣದಂಡನೆಯಾಯಿತು, ಕಟ್ಟಿದ್ದೆಲ್ಲ ಚದುರಿಹೋಯಿತು. ಚೆನ್ನಬಸವಣ್ಣನವರ ಜೊತೆಗಿದ್ದವರು ವಚನದ ಕಟ್ಟುಗಳನ್ನು ಹೊತ್ತು ಕಾಡಿನ ದಾರಿ ಹಿಡಿದು ಉಳವಿಗೆ ಬಂದರು ಎಂದು ಪರಂಪರೆ ಹೇಳುತ್ತದೆ. ಕಲ್ಯಾಣ ಉಳಿಯಲಿ ಎಂದು ಅವರು ಎಷ್ಟು ಬೇಡಿರಬಹುದು! ಉಳಿದದ್ದು ಕಲ್ಯಾಣವಲ್ಲ, ಹೆಗಲ ಮೇಲಿನ ಕಟ್ಟು.

ಇಂಥ ಹೊತ್ತಿನಲ್ಲಿ ನಂಬಿಕೆ ಎಂದರೆ, ರೋಗಿಗೆ ನೋವು ಕಡಿಮೆಯಾಗುವಂತೆ ನೋಡಿಕೊಳ್ಳುವುದು, ಅವರು ನೋಡಬೇಕೆನ್ನುವವರನ್ನು ಕರೆಸುವುದು, ಕೈ ಹಿಡಿದು ಕೂರುವುದು. ಏನೂ ಪ್ರಯೋಜನವಿಲ್ಲ ಎಂದು ವೈದ್ಯರೇ ಹೇಳಿದ ಮೇಲೂ, ತೋಟ ಅಡವಿಟ್ಟು, ಆಗುಂಬೆ ಘಾಟಿ ಇಳಿಸಿ, ಮತ್ತೊಂದು ಊರು, ಮಗದೊಂದು ಊರು ಎಂದು ಅಲೆಯುವ ಮನೆಗಳಿವೆ. ಪ್ರೀತಿಯಿಂದಲೇ ಅಲೆಯುತ್ತಾರೆ. ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ಸರಿಯೇ, ಕೇಳಿ. ಮೂರನೆಯ, ನಾಲ್ಕನೆಯ ಪಯಣ ಮಾತ್ರ ರೋಗಿಗಾಗಿಯೋ, ನಾವು ಏನೂ ಉಳಿಸಲಿಲ್ಲ ಎಂದು ನಾಲ್ಕು ಜನಕ್ಕೆ ಹೇಳಿಕೊಳ್ಳಲಿಕ್ಕಾಗಿಯೋ ಎಂದು ಮನೆಯವರೆಲ್ಲ ಕೂತು ಒಮ್ಮೆ ಮಾತಾಡಿಕೊಳ್ಳಿ. ರೋಗಿಗೆ ತಿಳಿಯುವ ಶಕ್ತಿ ಇದ್ದರೆ ಅವರನ್ನೂ ಕೇಳಿ. ಅವರಿಂದ ಎಲ್ಲ ಮುಚ್ಚಿಡಬೇಕೆಂಬುದು ನಮ್ಮ ಇಚ್ಛೆ. ಅವರ ಇಚ್ಛೆ ಬೇರೆ ಇರಬಹುದು.

ಇಷ್ಟಲಿಂಗ ಧರಿಸಿದವರು ಆಗಾಗ ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇವೆ. ಎಕ್ಸ್‌ರೇ, ಎಂ.ಆರ್.ಐ., ಶಸ್ತ್ರಚಿಕಿತ್ಸೆಗೆ ಮುಂಚೆ ಕರಡಿಗೆ, ಶಿವದಾರ ತೆಗೆಯಲು ಹೇಳುತ್ತಾರೆ. ಪ್ರಾಣವಿರುವಾಗ ಲಿಂಗವನ್ನು ಮೈಯಿಂದ ಅಗಲಿಸಬಾರದೆಂದು ನಂಬಿದವರಿಗೆ, ವಿಶೇಷವಾಗಿ ವಯಸ್ಸಾದವರಿಗೆ, ಆಪರೇಷನ್‌ಗಿಂತ ಇದೇ ದೊಡ್ಡ ಭಯ. ನುಲಿಯ ಚಂದಯ್ಯನವರನ್ನು ನೆನೆಯಿರಿ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿತ್ತು, ಅವರು ಕಾಯಕ ಬಿಡದೆ ಮುಂದುವರಿದರು, ಲಿಂಗವೇ ಅವರ ಹಿಂದೆ ಬಂತು ಎಂದು ಕಥೆ ಹೇಳುತ್ತದೆ. ಥಿಯೇಟರಿಗೆ ಹೋಗುವ ಮುನ್ನ ಲಿಂಗವನ್ನು ನಿಮ್ಮ ಮನೆಯವರ ಅಂಗೈಗೆ ಕೊಡಿ. ನೀವು ಎಚ್ಚರವಾಗುವವರೆಗೆ ಅವರು ಅದನ್ನು ಹಿಡಿದು ಪಂಚಾಕ್ಷರಿ ಜಪಿಸುತ್ತಿರಲಿ. ಅರಿವಳಿಕೆ ಕೊಟ್ಟ ಆ ಹೊತ್ತಿನಲ್ಲಿ ನಿಮ್ಮ ಇಚ್ಛೆ, ಲೆಕ್ಕ, ಜಾಣತನ ಯಾವುದೂ ಕೆಲಸ ಮಾಡುವುದಿಲ್ಲ. ಉಸಿರು ಮಾತ್ರ ನಡೆಯುತ್ತಿರುತ್ತದೆ, ಅದನ್ನು ಬೇರೊಬ್ಬರು ಎಚ್ಚರದಿಂದ ನೋಡಿಕೊಳ್ಳುತ್ತಿರುತ್ತಾರೆ.

ಲಿಂಗ ಧರಿಸದವರು, ಬೇರೆ ಬೇರೆ ಧರ್ಮದವರು ಕೂಡ ಇಲ್ಲಿಗೆ ಬರುತ್ತೀರಿ. ಸಿಗಂದೂರಿನ ಚೌಡೇಶ್ವರಿಯನ್ನೋ, ಸಾಗರದ ಮಾರಿಕಾಂಬೆಯನ್ನೋ, ಹುಂಚದ ಪದ್ಮಾವತಿಯನ್ನೋ, ತೀರ್ಥಹಳ್ಳಿಯ ರಾಮೇಶ್ವರನನ್ನೋ ನೆನೆಯುವವರಿದ್ದೀರಿ, ಅಲ್ಲಾಹನನ್ನು, ಯೇಸುವನ್ನು ಪ್ರಾರ್ಥಿಸುವವರಿದ್ದೀರಿ. ನೀವು ಹರಕೆ ಹೊತ್ತಿದ್ದರೆ ಅದನ್ನು ಬಿಡಬೇಕಾಗಿಲ್ಲ. ಗುಣವಾದರೆ ಮಾತ್ರ ಸಲ್ಲಿಸುತ್ತೇನೆ ಎನ್ನುವುದರ ಬದಲು, ಏನಾದರೂ ಸಲ್ಲಿಸುತ್ತೇನೆ ಎಂದು ಒಂದು ಮಾತು ಬದಲಿಸಿ ನೋಡಿ. ಮನಸ್ಸಿನ ಬಿಗಿ ಎಷ್ಟು ಸಡಿಲವಾಗುತ್ತದೆಂದು ನಿಮಗೇ ತಿಳಿಯುತ್ತದೆ.

ಇಂದು ರಾತ್ರಿ ಹೀಗೆ ಮಾಡಬಹುದು. ದೀಪ ಆರಿಸುವ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ನಾಳೆ ರೌಂಡ್ಸಿಗೆ ಬರುವ ವೈದ್ಯರನ್ನು ಕೇಳಬೇಕಾದ್ದನ್ನು ಬರೆದಿಡಿ: ಯಾವ ಪರೀಕ್ಷೆ ಬಾಕಿ ಇದೆ, ಮಾತ್ರೆ ಎಷ್ಟು ದಿನ, ಊಟದಲ್ಲಿ ಏನು ಬಿಡಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು. ಬರೆಯಲು ಬಾರದವರು ದಾದಿಯರಿಗೆ ಹೇಳಿದರೆ ಅವರು ಬರೆದುಕೊಡುತ್ತಾರೆ. ಅದು ನಿಮ್ಮ ಪಾಲಿನ ಕೆಲಸ. ಚೀಟಿಯಲ್ಲಿ ಬರೆಯಲಾಗದ್ದು ಏನೇನು ಉಳಿಯಿತೋ ಅದನ್ನು ನಿಮ್ಮ ದೇವರಿಗೆ ಹೇಳಿ, ನಿಮ್ಮ ಆಸೆಯನ್ನೂ ಮುಚ್ಚಿಡದೆ ಹೇಳಿ, ಕೊನೆಗೆ ನಿನ್ನ ಚಿತ್ತ ಎಂದು ಸೇರಿಸಿ. ಒಮ್ಮೆಗೇ ಮನಸ್ಸು ಒಪ್ಪಲಿಕ್ಕಿಲ್ಲ. ನಾಳೆ ಮತ್ತೆ ಹೇಳಿದರಾಯಿತು.

ಜೊತೆಗಿರುವವರಿಗೆ ಒಂದು ಮಾತು. ರೋಗಿ ಉಣ್ಣದ ಹೊರತು ನಾವೂ ಉಣ್ಣುವುದಿಲ್ಲ ಎಂದು ಎಷ್ಟೋ ಜನ ಉಪವಾಸ ಕೂರುತ್ತೀರಿ. ರಾತ್ರಿಯ ದಾಸೋಹದಲ್ಲಿ ಬಿಸಿ ಅನ್ನ, ಸಾರು ಇದೆ. ಹೋಗಿ ಉಂಡು ಬನ್ನಿ. ಅಷ್ಟು ಹೊತ್ತು ಇಲ್ಲಿ ದಾದಿಯರು ನೋಡಿಕೊಳ್ಳುತ್ತಾರೆ.